ಹೊಟ್ಟಿಬ್ಯಾನಿ

ಅಕ್ಕನಿಗೆ ಹೊಟ್ಟೆನೋವು ಇರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಜ್ವಲಾ ಕಲ್ಲು ತಿಂದು ಕರಗಿಸುವ ಹುಡುಗಿ. ತಂಗಳು ರೊಟ್ಟಿಗೆ ಹಸಿ ಖಾರ ಹಚ್ಚಿಕೊಂಡು ತಿಂದು, ನೀರು ಕುಡಿದು, ಓಡಿಹೋಗಿ ಟಮಟಮ ರಿಕ್ಷಾ ಹತ್ತುತ್ತಿದ್ದಳು. ಆಕೆ ಹೊಟ್ಟೆ ಹಿಡಿದುಕೊಂಡದ್ದನ್ನು ನಾನು ನೋಡಿದ್ದು ನಗುವಾಗ ಮಾತ್ರ. ಆದರೆ ಆಕೆ ಸತ್ತ ಮರುದಿನ ಅಕ್ಕೋಳದಿಂದ ನಿಪ್ಪಾಣಿಯವರೆಗೆ, ಅಲ್ಲಿಂದ ಚಿಕ್ಕೋಡಿಯವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು. ಹೊಟ್ಟಿಬ್ಯಾನಿ. ಹುಡುಗಿ ಹೊಟ್ಟಿಬ್ಯಾನಿ ತಾಳಲಾರದ ಜೀವಾ ಕಳ್ಕೊಂಡ್ಲಂತ.

ನಮ್ಮ ಕಡೆ ಹೆಂಗಸರು ತಾವಾಗಿ ಜೀವ ಬಿಟ್ಟರೆ ಎಲ್ಲರಿಗೂ ಹೊಟ್ಟೆನೋವೇ. ಗಂಡ ಹೊಡೆದರೂ ಹೊಟ್ಟೆನೋವು. ಅತ್ತೆ ಕಾಡಿದರೂ ಹೊಟ್ಟೆನೋವು. ಧನಿ ಮಾನ ಕಳೆದರೂ ಹೊಟ್ಟೆನೋವು. ಇಷ್ಟೊಂದು ಹೊಟ್ಟೆನೋವಿರುವ ಸೀಮೆಯಲ್ಲಿ ಒಬ್ಬ ಡಾಕ್ಟರೂ ಅದಕ್ಕೆ ಗುಳಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ನಾನು ಕಾಂಚನ, ಉಜ್ವಲಾಳ ತಂಗಿ. ನಮ್ಮದು ಅಕ್ಕೋಳದ ಬೌದ್ಧರ ಓಣಿ. ಅಪ್ಪ ನಾನು ಸಣ್ಣವಳಿದ್ದಾಗಲೇ ಕೆಮ್ಮಿ ಕೆಮ್ಮಿ ಸತ್ತ. ಅವ್ವ ಸೀತವ್ವ ಮತ್ತು ಅಕ್ಕ ನಿಪ್ಪಾಣಿಯಲ್ಲಿ ಅಪ್ಪಾಸಾಬನ ತಂಬಾಕಿನ ವಖಾರಿಗೆ ಹೋಗುತ್ತಿದ್ದರು. ಧೂಳು ಕಂಡರೆ ನನಗೆ ಉಸಿರು ಕಟ್ಟುತ್ತದೆ. ಹಾಗಾಗಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತೇನೆ.

ವಖಾರಿ ಎಂದರೆ ಉದ್ದನೆಯ ಗೋದಾಮು. ಕಿಟಕಿಗಳಿವೆ, ತೆಗೆಯುವುದಿಲ್ಲ. ಗಾಳಿ ಬಂದರೆ ಮಾಲು ಹಾರುತ್ತದೆ. ಒಳಗೆ ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಣಗಿದ ತಂಬಾಕನ್ನು ಕೋಲಿನಿಂದ ಬಡಿಯುತ್ತಾರೆ, ಜರಡಿ ಹಿಡಿಯುತ್ತಾರೆ, ಚೀಲ ತುಂಬುತ್ತಾರೆ. ಸೀನು, ಕೆಮ್ಮು, ವಾಂತಿ. ಹೊಸದಾಗಿ ಬಂದವಳು ತಲೆ ಸುತ್ತಿ ಬಿದ್ದರೆ ಎಳೆದು ಬಾಗಿಲ ಬಳಿ ಕೂರಿಸುತ್ತಾರೆ, ಎದ್ದ ಮೇಲೆ ಮತ್ತೆ ಬಡಿಯಲು ಹೋಗಬೇಕು. ಸಂಜೆ ಮನೆಗೆ ಬಂದು ಎಷ್ಟು ಸಲ ಕೈ ತೊಳೆದರೂ ತಂಬಾಕು ಚರ್ಮ ಬಿಡುವುದಿಲ್ಲ. ಆ ಕೈಯಲ್ಲಿ ತಟ್ಟಿದ ರೊಟ್ಟಿ ಕಹಿ. ಮೊಲೆ ಕಹಿಯಾಗಿ ಕೂಸುಗಳು ಮುಖ ತಿರುಗಿಸುತ್ತವೆ. ನಮ್ಮ ಓಣಿಯ ಮಕ್ಕಳು ಹುಟ್ಟಿದ ಮೇಲೆ ಮೊದಲು ಕಲಿಯುವ ರುಚಿ ಅದೇ.

ಕೆಲಸ ಬಿಟ್ಟಾಗ ಗೇಟಿನ ಒಳಗೆ ಅಂಗಳದಲ್ಲಿ ಝಡತಿ. ಮೈ ತಪಾಸಣೆ. ಹೆಂಗಸರ ಕೆಲಸದ ಮೇಲೆ ನಿಗಾ ಇಡುವ ಮುಕಾದಮ ಸತ್ಯಪ್ಪ ಬೆತ್ತ ಹಿಡಿದು ನಿಲ್ಲುತ್ತಾನೆ. 'ಕೈ ಮ್ಯಾಲ' ಅನ್ನುತ್ತಾನೆ. ಸಾಲಿನಲ್ಲಿದ್ದವಳು ಎರಡೂ ಕೈ ಎತ್ತಬೇಕು. ಅವನು ಬೆತ್ತದ ತುದಿಯಿಂದ ಸೆರಗು ಸರಿಸುತ್ತಾನೆ, ಸೊಂಟ ತಟ್ಟುತ್ತಾನೆ, ಆಮೇಲೆ ಕೈಯಿಂದಲೂ ತಟ್ಟುತ್ತಾನೆ. ಹಿಡಿ ತಂಬಾಕು ಕದ್ದರೆ ಅಪ್ಪಾಸಾಬ ಮುಳುಗಿಹೋಗುತ್ತಾನಂತೆ.

ಅಕ್ಕ ಒಂದು ದಿನ ಸಾಲಿನಲ್ಲಿ ನಿಂತೇ ಕೇಳಿದಳು. "ಝಡತಿ ಮಾಡೂದಾದ್ರ ಒಬ್ಬ ಹೆಣ್ಮಗಳನ್ನ ಇಡ್ರಿ. ಇಲ್ಲಾಂದ್ರ ಮೊದ್ಲ ನಿಮ್ಮ ಕಿಸೆ ತೋರಸ್ರಿ, ಮುಕಾದಮರ."

ಹೆಂಗಸರು ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ನಕ್ಕರು. ಸತ್ಯಪ್ಪ ಬೆತ್ತ ಇಳಿಸಿ ಮುಂದಿನವಳ ಕಡೆ ಸರಿದ. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಸಿಟ್ಟು ಉಳಿಸಿಕೊಂಡ.

ಕೆಲವು ದಿನ ಬಿಟ್ಟು ಒಂದು ಸಂಜೆ ಅವ್ವ ಝಡತಿ ಮುಗಿಸಿ ಗೇಟಿನ ಹೊರಗೆ ಬಂದಿದ್ದಳು. ಅಕ್ಕ ಇನ್ನೂ ಒಳಗೆ. ಸತ್ಯಪ್ಪ ಗೇಟು ಹಾಕಿಸಿದ.

"ಒಳಗ ತಂಬಾಕ ಇಟ್ಟಿ. ತಗಿ."

"ಅದು ತಂಬಾಕಲ್ಲ."

"ಏನದು ಹಂಗಾರ? ತೋರಸು."

ಅಕ್ಕನಿಗೆ ಅದು ಮುಟ್ಟಿನ ದಿನ. ಎಲ್ಲರೆದುರು ತೆಗೆಸಿದ. ತೆಗೆದದ್ದನ್ನು ಬೆತ್ತದ ತುದಿಯಲ್ಲಿ ಎತ್ತಿ ಹಿಡಿದ. ಅಪ್ಪಾಸಾಬ ಆಫೀಸಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ಕುಡಿಯುವುದನ್ನು ನಿಲ್ಲಿಸಲಿಲ್ಲ. ಅವ್ವ ಹೊರಗಿನಿಂದ ಗೇಟಿನ ಕಬ್ಬಿಣದ ಸಳಿ ಹಿಡಿದು ಕೂಗುತ್ತಿದ್ದಳು. ಯಾರೂ ತೆಗೆಯಲಿಲ್ಲ.

ಅಕ್ಕ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮಾತೂ ಆಡಲಿಲ್ಲ. ಬಚ್ಚಲಿಗೆ ಹೋಗಿ ಹೋಗಿ ಕೈಕಾಲು ತೊಳೆದು ಬರುತ್ತಿದ್ದಳು. ಒಂದು ಬೆಳಿಗ್ಗೆ ಅವ್ವನೂ ನಾನೂ ನೀರು ತರಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಹೇಗೆ ಎಂದು ನಾನು ಹೇಳುವುದಿಲ್ಲ. ಹೇಗೆ ಎಂದು ಕೇಳುವವರು ಊರ ತುಂಬ ಇದ್ದಾರೆ. ಯಾಕೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಅಕ್ಕನ ಹೆಣ ಒಯ್ದಿದ್ದ ನಿಪ್ಪಾಣಿಯ ದವಾಖಾನೆಯ ಅಂಗಳದಲ್ಲಿ ಅವ್ವನಿಗೆ ಎಚ್ಚರ ತಪ್ಪಿತು. ಅಷ್ಟರಲ್ಲಿ ಹವಾಲ್ದಾರ ನಮ್ಮ ಓಣಿಯ ಹಿರಿಯ ಜ್ಞಾನದೇವ ಕಾಕಾನನ್ನು ಕೇಳಿದನಂತೆ, ಕಾಕಾ ಹೊಟ್ಟಿಬ್ಯಾನಿ ಎಂದನಂತೆ. ತಾಯಿಯ ಜಬಾಬು, ಪೊಲೀಸರು ಬರೆದುಕೊಳ್ಳುವ ಹೇಳಿಕೆ, ಬಾಕಿ ಉಳಿಯಿತು. ಅವಳ ಬಾಯಿಂದಲೂ ಅದೇ ಮಾತು ಬಂದರೆ ಎಲ್ಲ ಮುಗಿದಂತೆ.

ಮಣ್ಣು ಮಾಡಿ ಬಂದ ಸಂಜೆ ಕಾಕಾ ನಮ್ಮ ಹೊಸ್ತಿಲ ಮೇಲೆ ಕೂತ. ಸತ್ಯಪ್ಪ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ.

"ಸೀತವ್ವ, ಹೋದಾಕಿ ಹೋದ್ಲು. ಪೊಲೀಸ್ರು ಕೇಳಿದ್ರ ಹೊಟ್ಟಿಬ್ಯಾನಿ ಅನ್ನು. ಇನ್ನೊಬ್ಬಾಕಿ ಅದಾಳ ಮನ್ಯಾಗ, ನಾಳೆ ಈಕಿನ್ನ ಯಾರ್ ಮಾಡ್ಕೋಬೇಕು? ಓಣ್ಯಾಗಿನ ಎಲ್ಲಾ ಹೆಣಮಕ್ಕಳೂ ಆ ವಖಾರಿ ಮ್ಯಾಲ ಅದಾರ."

"ಕಾಕಾ, ಅಕ್ಕಗ ಹೊಟ್ಟಿಬ್ಯಾನಿ ಇರ್ಲಿಲ್ಲ" ಅಂದೆ.

"ನೀ ಸುಮ್ನಿರು. ಹೆಣಮಗಳು ನೀ."

ಕಾಕಾ ಕೆಟ್ಟವನಲ್ಲ. ಹೆದರಿದವನು. ಓಣಿಯ ಬುದ್ಧವಿಹಾರದ ಮೇಲಿನ ತಗಡು ಅಪ್ಪಾಸಾಬ ಹಾಕಿಸಿದ್ದು. ಕಾಕಾನ ಮಗ ವಿಶ್ವಾಸ ಅಪ್ಪಾಸಾಬನ ಗಾಡಿ ಓಡಿಸುತ್ತಾನೆ. ಮರುದಿನದಿಂದ ಆ ಬಿಳಿ ಗಾಡಿ ನಮ್ಮ ಓಣಿಯ ಬಾಯಲ್ಲಿ ಬಂದು ನಿಲ್ಲತೊಡಗಿತು. ಎಂಜಿನ್ ಚಾಲೂ ಇರುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಕಿಟಕಿಯ ಕಾಜು ಕಪ್ಪು, ಹಿಂದೆ ಯಾರು ಕೂತಿದ್ದಾರೆಂದು ಕಾಣುತ್ತಿರಲಿಲ್ಲ. ಮುಂದೆ ವಿಶ್ವಾಸ ಸ್ಟೇರಿಂಗ್ ನೋಡುತ್ತ ಕೂತಿರುತ್ತಿದ್ದ. ನಾನು ಕೊಡ ಹಿಡಿದು ಹೋದರೆ ಗಾಡಿ ಸ್ವಲ್ಪ ಮುಂದೆ ಸರಿದು ದಾರಿ ಕಟ್ಟುತ್ತಿತ್ತು, ಆಮೇಲೆ ಹಿಂದೆ ಸರಿದು ದಾರಿ ಕೊಡುತ್ತಿತ್ತು. ನಳದ ಬಳಿ ಹೆಂಗಸರು ತಮ್ಮ ಕೊಡ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ನಮ್ಮಲ್ಲಿ ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು, ಬೀಗರು ರೊಟ್ಟಿ ಝುಣಕ ಮಾಡಿಕೊಂಡು ಬರುತ್ತಾರೆ. ಮೊದಲು ಒಂದು ಬೇವಿನೆಲೆ, ಆಮೇಲೆ ರೊಟ್ಟಿ. ಮೊದಲ ತುತ್ತನ್ನು ತಂದವರೇ ಬಾಯಿಗಿಡಬೇಕು. ಮರಾಠಿಯಲ್ಲಿ ಕಡೂ ಘಾಸ, ಕನ್ನಡದಲ್ಲಿ ಕಹಿ ತುತ್ತು. ನಾವು ಎರಡೂ ಅನ್ನುತ್ತೇವೆ. ಅದನ್ನು ತಿಂದ ಮೇಲೆಯೇ ಉಳಿದವರು ಬದುಕುವ ದಾರಿ ಹಿಡಿಯುವುದು. ಅಪ್ಪ ಸತ್ತಾಗ ತಂದ ರೊಟ್ಟಿ ಇಡಲು ಜಾಗವಿರಲಿಲ್ಲ.

ಉಜ್ವಲಾಳಿಗೆ ಯಾರೂ ತರಲಿಲ್ಲ.

ತಾನಾಗಿ ಸತ್ತವಳ ಮನೆ, ಹೋದರೆ ಬೆನ್ನು ಹತ್ತುತ್ತದೆ ಎಂದು ಕೆಲವರು. ಗಾಡಿಗೆ ಹೆದರಿ ಕೆಲವರು. ಗೋಡೆಯಾಚೆ ಪಕ್ಕದ ಮನೆಯ ಅಕ್ಕವ್ವ ರೊಟ್ಟಿ ಬಡಿಯುವ ಸದ್ದು ನಮಗೆ ಕೇಳುತ್ತಿತ್ತು. ಅಕ್ಕನ ಜೊತೆ ಒಂದೇ ಜರಡಿ ಹಿಡಿದವಳು ಆಕೆ. ಸದ್ದು ನಿಲ್ಲುತ್ತಿತ್ತು. ಈಗ ಬರುತ್ತಾಳೆ ಎಂದು ನಾನು ಬಾಗಿಲು ನೋಡುತ್ತಿದ್ದೆ. ಕದ ಹಾಕಿಕೊಂಡ ಸದ್ದು ಬರುತ್ತಿತ್ತು. ನನಗೆ ಹಸಿವಿಗಿಂತ ಸಿಟ್ಟು ಹೆಚ್ಚಾಗುತ್ತಿತ್ತು.

ಸಿಟ್ಟಿಗಿಂತಲೂ ಹೆಚ್ಚಿನದು ಹೆದರಿಕೆ. ಅವ್ವ ಗೋಡೆಗೆ ಆತು ಕೂತವಳು ಏಳುತ್ತಿರಲಿಲ್ಲ. ಮಾತಿಲ್ಲ, ಅಳುವಿಲ್ಲ. ಅಕ್ಕ ಕೂತಂತೆಯೇ ಕೂತಿದ್ದಳು. ಕೈ ತೊಳೆಯಲು ಬಚ್ಚಲಿಗೆ ಹೋದರೆ ನಾನು ಹಿಂದೆಯೇ ಹೋಗುತ್ತಿದ್ದೆ. ನಾನು ಕಣ್ಣು ಮುಚ್ಚಿದರೆ ಅವ್ವನೂ ಹೋಗಿಬಿಡುತ್ತಾಳೆ ಅನ್ನಿಸುತ್ತಿತ್ತು. ಮಂಪರು ಹತ್ತಿದಾಗ ಅವಳ ಸೆರಗಿನ ತುದಿ ನನ್ನ ಕೈಗೆ ಸುತ್ತಿಕೊಳ್ಳುತ್ತಿದ್ದೆ.

ಆವಾಗ ಇಬ್ಬರು ಹೆಂಗಸರು ಬಂದರು.

ಮಟಮಟ ಮಧ್ಯಾಹ್ನ. ಒಬ್ಬಳು ಮುದುಕಿ, ಹೆಗಲ ಮೇಲೆ ಕರಿ ಕಂಬಳಿ. ಇನ್ನೊಬ್ಬಳು ನಡುವಯಸ್ಸಿನವಳು, ಕೈಯಲ್ಲಿ ಬಟ್ಟೆ ಕಟ್ಟಿದ ಬುಟ್ಟಿ. ಓಣಿಯ ಬಾಯಲ್ಲಿ ಗಾಡಿ ದಾರಿ ಕಟ್ಟಿತು. ಮುದುಕಿ ಅದರ ಕಾಜಿಗೆ ಬೆರಳಿನಿಂದ ಬಡಿದಳು.

"ಏ ತಮ್ಮಾ, ಹೊಟ್ಟಿಬ್ಯಾನಿಲೆ ಸತ್ತಾಕಿ ಮನಿ ಯಾವ್ದು?"

ನನಗೆ ಬೆಂಕಿ ಹತ್ತಿತು. ಬಾಗಿಲಲ್ಲೇ ನಿಂತು ಅಂದೆ, "ನಮ್ಮಕ್ಕಗ ಹೊಟ್ಟಿಬ್ಯಾನಿ ಇರ್ಲಿಲ್ಲ. ಹೋಗ್ರಿ ನೀವು."

ಮುದುಕಿ ಹತ್ತಿರ ಬಂದು ನನ್ನ ಗಲ್ಲ ಹಿಡಿದಳು. ಕೈ ಒರಟು, ಕುರಿಯ ವಾಸನೆ.

"ಗೊತ್ತದವ್ವ" ಅಂದಳು. "ಅದಕ್ಕ ಬಂದೇವಿ."

ಆಕೆ ಮಲಕವ್ವ, ಅಥಣಿ ಕಡೆಯ ಐಗಳಿಯ ಕುರುಬರ ಹೆಂಗಸು. ಜೊತೆಯವಳು ತಾರವ್ವ, ಅಂಕಲಿಯವಳು. ನಮ್ಮ ರಕ್ತದವರಲ್ಲ, ಜಾತಿಯವರಲ್ಲ. ಒಳಗೆ ಬಂದು ನಮ್ಮ ಕೊಡದ ನೀರು ತಾವೇ ತುಂಬಿಕೊಂಡು ಕುಡಿದರು. ಆಮೇಲೆ ಅವ್ವನ ಎರಡೂ ಬದಿಗೆ ಗೋಡೆಗೆ ಆತು ಕೂತರು. ಸಮಾಧಾನ ಹೇಳಲಿಲ್ಲ, ದೇವರ ಇಚ್ಛೆ ಅನ್ನಲಿಲ್ಲ.

ಮಲಕವ್ವ ಗೋಡೆಗೆ ಹೇಳುವವಳ ಹಾಗೆ ಶುರು ಮಾಡಿದಳು. "ನನ್ನ ಮಗಳು ಮಾಯಾ. ಕಾಗವಾಡಕ್ಕ ಕೊಟ್ಟಿದ್ದೆ. ಹೊಟ್ಟಿಬ್ಯಾನಿ ಅಂದ್ರು. ಆಕಿ ಬೆನ್ನ ಮ್ಯಾಲ ಬಾಸುಂಡಿ ಇದ್ವು, ಹೊಟ್ಟಿ ಮ್ಯಾಲಲ್ಲ. ನನ್ನ ಮನಿಗೆ ಒಬ್ರೂ ಬರ್ಲಿಲ್ಲ. ಈ ತಾರವ್ವ ಬಂದ್ಲು. ಈಕಿ ಮಾರಿ ಅದಕ್ಕಿಂತ ಮೊದ್ಲ ನಾ ನೋಡೇ ಇರ್ಲಿಲ್ಲ."

"ನನ್ನ ತಂಗಿಗೂ ಹೊಟ್ಟಿಬ್ಯಾನಿ ಇತ್ತಂತ್ರಿ" ತಾರವ್ವ ಅಂದಳು. "ಅವತ್ತಿಂದ ಬಸ್ಸಿನ್ಯಾಗ, ಸಂತ್ಯಾಗ ಆ ಮಾತ ಕಿವಿಗೆ ಬಿದ್ರ ನಾ ಊರ ಕೇಳ್ಕೋತೇನಿ. ಮೊನ್ನೆ ಚಿಕ್ಕೋಡಿ ಬಸ್ಸಿನ್ಯಾಗ ಯಾರೋ ಅಕ್ಕೋಳ ಅಂದ್ರು. ಮಲಕವ್ವಗ ಫೋನ್ ಹಚ್ಚಿದ್ನಿ."

ನನಗೆ ನಗು ಬಂತು. ಅಷ್ಟು ದಿನದಲ್ಲಿ ಮೊದಲ ನಗು, ಅದೂ ಕೆಟ್ಟ ನಗು. ಸತ್ಯಪ್ಪ ಕಾಕಾನಿಂದ ಹೇಳಿಸಿ, ನಮ್ಮ ಬಾಯಿ ಮುಚ್ಚಿಸಲು ಊರೂರಿಗೆ ಹಬ್ಬಿಸಿದ ಮಾತು. ಆ ಮಾತೇ ಹೋಗಿ ಇವರನ್ನು ಕರೆದುಕೊಂಡು ಬಂದಿತ್ತು.

ತಾರವ್ವ ಬುಟ್ಟಿ ಬಿಚ್ಚಿದಳು. ರೊಟ್ಟಿ, ಝುಣಕ, ಮೇಲೊಂದು ಬೇವಿನ ಚಿಗುರು. ಮಲಕವ್ವ ಎಲೆ ಹರಿದು ಅವ್ವನ ತುಟಿಗೆ ಹಿಡಿದಳು. ಅವ್ವ ಬಾಯಿ ತೆರೆಯಲಿಲ್ಲ.

"ಮಗಳ ಹೆಸರೇನ?"

ಅಷ್ಟು ದಿನದಲ್ಲಿ ನಮ್ಮನ್ನು ಯಾರೂ ಆ ಹೆಸರು ಕೇಳಿರಲಿಲ್ಲ. ಎಲ್ಲರೂ ಆಕಿ, ಹೋದಾಕಿ ಅನ್ನುತ್ತಿದ್ದರು.

"ಉಜ್ವಲಾ" ಅವ್ವ ಅಂದಳು.

"ಉಜ್ವಲಾ ಏನ್ ತಿಂತಿದ್ಲು?"

"ಹಸಿಖಾರ. ಹಸಿಖಾರ ಅಂದ್ರ ಜೀವಾ ಬಿಡ್ತಿದ್ಲು" ಅಂದ ಅವ್ವ ಆ ಮಾತು ಕೇಳಿಸಿಕೊಂಡು ತಾನೇ ಬೆಚ್ಚಿದಳು. ಆಮೇಲೆ ಅತ್ತಳು. ಮಲಕವ್ವ ಅಳಲು ಬಿಟ್ಟಳು. ಅಳು ಅರ್ಧಕ್ಕೆ ಬಂದಾಗ ಎಲೆಯನ್ನು ಬಾಯಿಗಿಟ್ಟಳು. "ಇದು ಮಾಯಾನ ಅವ್ವ ಇಡಾಕತ್ತಾಳ. ಅಗಿ."

ಅವ್ವ ಎಲೆ ಅಗಿದಳು. ರೊಟ್ಟಿಗೆ ಮಾತ್ರ ತಲೆ ಅಲ್ಲಾಡಿಸಿದಳು. "ಓಣ್ಯಾಗಿನವರು ತರ್ಲಿಲ್ಲ" ಅಂದಳು, ಸಣ್ಣ ಮಗುವಿನ ಹಾಗೆ. ತಾರವ್ವ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟಳು.

ಮಲಕವ್ವ ನನ್ನ ಕೈಯಿಂದ ಅವ್ವನ ಸೆರಗು ಬಿಡಿಸಿದಳು. "ನೀ ಒಬ್ಬಾಕಿನ ಕಾಯಬ್ಯಾಡ ಮಗಳ. ನಾವು ಕುರಿಹಟ್ಟಿಗೆ ಪಾಳಿ ಹಚ್ಚತೇವಿ. ಇಲ್ಲೂ ಪಾಳಿ ಹಚ್ಚೂನು. ನೀ ಮಲಕ್ಕೋ, ನಾ ಕುಂಡ್ರತೇನಿ." ನಾನು ಕಂಬಳಿಯ ಮೇಲೆ ಬಿದ್ದವಳು ಸತ್ತಂತೆ ಮಲಗಿದೆ.

ಎದ್ದಾಗ ಹೊಸ್ತಿಲಲ್ಲಿ ಸತ್ಯಪ್ಪನಿದ್ದ. ಅವ್ವನ ಜೊತೆ ಮೆಲ್ಲಗೆ ಮಾತಾಡುತ್ತಿದ್ದ. ಅವನು ಮೆಲ್ಲಗೆ ಮಾತಾಡಿದರೆ ನನ್ನ ಬೆನ್ನು ತಣ್ಣಗಾಗುತ್ತದೆ.

"ನಾಳೆ ಸಂಜಿಕ ಹವಾಲ್ದಾರ್ರು ಜಬಾಬ ತಗೋತಾರ. ಠಾಣೆಕ ಅಲ್ಲ, ವಖಾರಿಗೆ ಬಾ. ಆಫೀಸಿನ್ಯಾಗ. ನಿನಗ ತ್ರಾಸ ಆಗಬಾರ್ದಂತ ಸಾವ್ಕಾರ್ರು ಹೇಳ್ಯಾರ." ಮಲಕವ್ವನ ಕಡೆ ನೋಡಿದ. "ಪರ ಊರ ಮಂದಿ ಬಂದು ಏನೇನೋ ಹೇಳ್ತಾರ. ಬಸ್ ಹತ್ತಿ ಹೋಗ್ತಾರ. ಇಲ್ಲಿ ಇರಾಕಿ ನೀ. ನಿನ್ನ ಸಣ್ಣ ಮಗಳು ಬೀಡಿ ಕೊಡಾಕ ಅದ ದಾರಿಲೆ ಹೋಗ್ಬೇಕು. ದಿನಾ ಹೋಗ್ಬೇಕು."

ಅವನು ಹೋದ. ಧನಿಯ ಕುರ್ಚಿಯ ಪಕ್ಕದಲ್ಲಿ ಪೊಲೀಸರ ಜಬಾಬು. ನನಗೆ ಓದು ಕಡಿಮೆ, ಆದರೆ ಇಷ್ಟು ತಿಳಿಯದಷ್ಟು ಕಡಿಮೆಯಲ್ಲ.

"ಏನ್ ಹೇಳ್ತಿ?" ತಾರವ್ವ ಕೇಳಿದಳು.

ಅವ್ವ ನನ್ನನ್ನು ನೋಡಿದಳು. ಅವಳ ಹೊಟ್ಟೆಯೊಳಗೆ ಏನು ನಡೆದಿದೆಯೆಂದು ನನಗೆ ಗೊತ್ತಾಯಿತು. ಸತ್ತವಳಿಗಾಗಿ ನಿಜ ಹೇಳಬೇಕೋ, ಉಳಿದವಳಿಗಾಗಿ ಸುಳ್ಳು ಹೇಳಬೇಕೋ. ಆ ಸುಳ್ಳು ಹೇಳಿ ಮನೆಗೆ ಬಂದರೆ ಅವ್ವ ಬಹಳ ದಿನ ಇರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಮರುದಿನ ಸಂಜೆ ನಾಲ್ವರೂ ವಖಾರಿಗೆ ಹೋದೆವು. ತಾರವ್ವ ಬುಟ್ಟಿಯನ್ನು ಬಿಡಲಿಲ್ಲ. ನಮ್ಮ ಒಲೆ ಮುಟ್ಟದೆ, ಹೊರಗೆ ಬೇವಿನ ಕೆಳಗೆ ಮೂರು ಕಲ್ಲು ಹೂಡಿ ಹೊಸ ರೊಟ್ಟಿ ಬಡಿದುಕೊಂಡಿದ್ದಳು. ಗೇಟಿನವನು ಅವ್ವನನ್ನು ಮಾತ್ರ ಒಳಗೆ ಬಿಟ್ಟು ಗೇಟು ಹಾಕಿದ. ನಾನು ಸಳಿ ಹಿಡಿದು ನಿಂತೆ. ಅವ್ವ ಅವತ್ತು ಹಿಡಿದ ಸಳಿ ಇವೇ ಇರಬೇಕು ಅನ್ನಿಸಿತು.

ಕೆಲಸ ಬಿಟ್ಟಿತು. ಹೆಂಗಸರು ಧೂಳು ಕೊಡವುತ್ತ ಅಂಗಳಕ್ಕೆ ಬಂದು ಝಡತಿಗೆ ಸಾಲುಗಟ್ಟಿದರು. ಮುಂದೆ ಅಕ್ಕವ್ವ. ನಮ್ಮ ಓಣಿಯವರೆಲ್ಲ ಇದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಆಫೀಸಿನ ಬಾಗಿಲು ಅರ್ಧ ತೆರೆದಿತ್ತು, ಮಾತು ಕೇಳುತ್ತಿರಲಿಲ್ಲ. ಸುತ್ತಲ ಗೋಡೆಯ ಮೇಲೆ ಬಿಸಿಲು ಕೆಂಪಾಗಿ, ಆಮೇಲೆ ಅದೂ ಹೋಯಿತು.

ಬಾಗಿಲು ಪೂರ್ತಿ ತೆರೆಯಿತು. ಅವ್ವ ಹೊರಗೆ ಬಂದಳು. ಹಿಂದೆ ಹವಾಲ್ದಾರ, ಅವನ ಹಿಂದೆ ಅಪ್ಪಾಸಾಬ. ಅವ್ವ ಅಂಗಳದ ನಡುವೆ ಒಂದು ಜಾಗಕ್ಕೆ ಬಂದು ನಿಂತಳು.

"ಸಾಹೇಬ್ರ, ಆ ಖೋಲ್ಯಾಗ ಕುಂತು ಹೇಳೂ ಮಾತಲ್ಲ ಇದು. ಇಲ್ಲಿ ನಿಂತು ಹೇಳ್ತೇನಿ. ನನ್ನ ಮಗಳ ಹೆಸರು ಉಜ್ವಲಾ. ಆಕಿಗೆ ಹೊಟ್ಟಿಬ್ಯಾನಿ ಇರ್ಲಿಲ್ಲ. ಇದಾ ಜಾಗಾದಾಗ ಆಕಿನ್ನ ನಿಂದರ್ಸಿದ್ರು. ಈ ಸತ್ಯಪ್ಪ ಬಟ್ಟಿ ತಗಿಸಿದ. ಬೆತ್ತಕ್ಕ ಸಿಗಸಿ ಎಲ್ಲಾರಿಗೂ ತೋರಿಸಿದ. ಸಾವ್ಕಾರ್ರು ಚಾ ಕುಡಕೋತ ನೋಡಿದ್ರು. ನನ್ನ ಮಗಳು ಮನ್ಯಾಗ ಸಾಯ್ಲಿಲ್ರಿ. ಇಲ್ಲೆ ಸತ್ಲು. ಇದು ನನ್ನ ಜಬಾಬ."

ಹವಾಲ್ದಾರ ಅಪ್ಪಾಸಾಬನನ್ನು ನೋಡಿದ. ಅಪ್ಪಾಸಾಬ ಕೂಗಾಡಲಿಲ್ಲ. ದನಿ ಏರಿಸದೆ ಹೇಳಿದ.

"ಸತ್ಯಪ್ಪ, ಝಡತಿ ಮುಗಸು. ಮಂದಿ ಮನಿಗೆ ಹೋಗೂದೈತಿ. ಯಾರ್ಯಾರಿಗೆ ನಾಳೆ ಕೆಲಸ ಬೇಕೋ ನೋಡೂನು."

ಸತ್ಯಪ್ಪ ಅಕ್ಕವ್ವನ ಮುಂದೆ ನಿಂತ. "ಕೈ ಮ್ಯಾಲ."

ಅಕ್ಕವ್ವನ ಕೈ ರೂಢಿಯಿಂದ ತಾನಾಗಿ ಎದ್ದಿತು. ಎದೆಯವರೆಗೆ ಬಂತು. ಅಲ್ಲಿ ನಿಂತಿತು. ಆಕೆ ನನ್ನ ಅವ್ವನನ್ನು ನೋಡಿದಳು. ಎರಡೂ ಕೈ ಇಳಿಸಿ ಹೊಟ್ಟೆ ಹಿಡಿದುಕೊಂಡಳು.

"ಎತ್ತಾಕ ಬರೂದಿಲ್ರಿ" ಅಂದಳು. "ಹೊಟ್ಟಿಬ್ಯಾನಿ ಐತಿ."

ಸತ್ಯಪ್ಪ ಬೆತ್ತ ಎತ್ತಿದ. ಅಕ್ಕವ್ವ ಸರಿಯಲಿಲ್ಲ. ಅವಳ ಹಿಂದಿನವಳೂ ಹೊಟ್ಟೆ ಹಿಡಿದುಕೊಂಡಳು. "ನನಗೂ ಐತ್ರಿ." ಅವಳ ಹಿಂದಿನವಳು. "ನನಗೂ." ಮಾತು ಸಾಲಿನ ಹಿಂದಕ್ಕೆ ಸರಿಯುತ್ತ ಗೋದಾಮಿನ ಬಾಗಿಲವರೆಗೆ ಹೋಯಿತು. ಯಾರೂ ನಗಲಿಲ್ಲ. ಅವರು ಹಿಡಿದುಕೊಂಡಿದ್ದ ರೀತಿ ನೋಡಿದರೆ ನೋವು ನಿಜವೇ ಇತ್ತು.

"ಕೈ ಎತ್ತೂತನಕ ಗೇಟ್ ತಗಿಬ್ಯಾಡ" ಸತ್ಯಪ್ಪ ಅಂದ. ಗೇಟಿಗೆ ಬೀಗ ಬಿತ್ತು. ಅಂಗಳದ ದೀಪ ಯಾರೋ ಆರಿಸಿದರು. ನನ್ನ ಬೆನ್ನ ಹಿಂದೆ ಬಿಳಿ ಗಾಡಿ ಬಂದು ನಿಂತ ಸದ್ದಾಯಿತು, ಎಂಜಿನ್ ಬಂದ್ ಆಗಲಿಲ್ಲ, ಅದರ ದೀಪದ ಬೆಳಕು ಸಳಿಗಳ ನಡುವೆ ಅಂಗಳಕ್ಕೆ ಬಿತ್ತು. ಸುಳ್ಳು ಹೇಳಲಾರೆ, ಬಹಳ ಹೆದರಿದ್ದೆ.

ಮಲಕವ್ವ ಗೇಟಿನ ಮುಂದೆ ಕಂಬಳಿ ಹಾಸಿ ಕೂತಳು. ಬುಟ್ಟಿ ಬಿಚ್ಚಿಸಿದಳು. ಒಂದೊಂದೇ ರೊಟ್ಟಿಯನ್ನು ಮಡಚಿ ಸಳಿಯ ನಡುವೆ ಒಳಗೆ ಕೊಟ್ಟಳು. ಜೊತೆಗೆ ಬೇವಿನ ಚಿಗುರು. "ನಿಮ್ಮ ಓಣಿ ಕೆಲಸ ಇದು, ಅವ್ವಗೋಳ್ರ" ಅಂದಳು. "ನಾ ಮಾಡಿದ್ರ ಆಕಿಗೆ ಸಾಲೂದಿಲ್ಲ."

ಅಕ್ಕವ್ವ ಸಾಲು ಬಿಟ್ಟು ಬಂದು ರೊಟ್ಟಿ ಇಸಿದುಕೊಂಡಳು. ತಂಬಾಕು ಹತ್ತಿದ ಕೈಯಿಂದಲೇ ಮುರಿದು, ಎಲೆ ಇಟ್ಟು, ಅವ್ವನ ಬಾಯಿಗೆ ಹಿಡಿದಳು.

"ತಡಾ ಆತು ಸೀತಕ್ಕ."

ಅವ್ವ ಬಾಯಿ ತೆರೆದಳು. ಎಲೆಯೂ ಕಹಿ, ಆ ಕೈಯ ರೊಟ್ಟಿಯೂ ಕಹಿ. ಅವ್ವ ಅಗಿದು ನುಂಗಿದಳು, ಇನ್ನೊಂದು ತುತ್ತಿಗೆ ಕೈ ಚಾಚಿದಳು.

ಅಪ್ಪಾಸಾಬ ಫೋನಿನಲ್ಲಿ ಯಾರನ್ನೋ ಬರಹೇಳುತ್ತಿದ್ದ. ಗೇಟು ಮುಚ್ಚೇ ಇತ್ತು. ಒಳಗೆ ಒಬ್ಬಳ ಕೈಯೂ ಮೇಲೆ ಇರಲಿಲ್ಲ.